ಬಲಗಡೆಯ ಪಟ್ಟಿ

"ಕೈ ತಗೀರಿ. ಇದನ್ನ ಮೊದಲ ನಾ ಹಿಡದೀನಿ."

"ಹಿಡದೀರಿ, ಖರೇ. ಆದ್ರ ಎತ್ತಾಕ ಆಗವಲ್ದು ನಿಮಗ."

ಬೆಳಗಾವಿಯ ಉದ್ಯಮಬಾಗದ ಹಿಂದಿನ ಒಂದು ಗುಜರಿ ಅಂಗಡಿ. ಸುಟ್ಟ ಮೋಟರು, ಮುರಿದ ಫ್ಯಾನುಗಳ ರಾಶಿಯ ನಡುವೆ ಒಂದು ಹಳೆಯ ಕಂಪ್ಯೂಟರಿನ ತಗಡಿನ ಪೆಟ್ಟಿಗೆ. ಅದರ ಒಂದು ತುದಿ ದಾನೇಶ್ವರಿಯ ಕೈಯಲ್ಲಿತ್ತು. ಇನ್ನೊಂದು ತುದಿಯನ್ನು ಹಿಡಿದವನು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಅಂಗಿಯ ತುಂಬ ಕಟ್ಟಿಗೆಯ ಪುಡಿ ಮೆತ್ತಿಕೊಂಡಿದ್ದ ಒಬ್ಬ ಅಪರಿಚಿತ.

ಸಿಟ್ಟು ಮೂಗಿನ ತುದಿಯಲ್ಲೇ ಇರುವ ಹುಡುಗಿ ಅವಳು. ಆದರೆ ಅವನು ಹೇಳಿದ್ದು ನಿಜವಾಗಿತ್ತಲ್ಲ! ಪೆಟ್ಟಿಗೆ ಬಂಡೆಗಲ್ಲಿನ ಹಾಗೆ ಭಾರವಿತ್ತು. ಬೈಯಲೂ ಆಗದೆ ಬಿಡಲೂ ಆಗದೆ ಅವಳು ಹಾಗೇ ನಿಂತಳು.

ಜಗಳ ಬೆಳೆಯಲಿಲ್ಲ. ಅವನಿಗೆ ಬೇಕಾದದ್ದು ಹೊರಗಿನ ತಗಡು, ಅವಳಿಗೆ ಬೇಕಾದದ್ದು ಒಳಗಿನ ಸಣ್ಣ ಸಾಮಾನು. ಹೊರಗಿನದು ನನಗೆ, ಒಳಗಿನದು ನಿಮಗೆ ಎಂದು ಅವನೇ ಪಂಚಾಯಿತಿ ಮುಗಿಸಿದ. ಅಲ್ಲೇ ನೆಲದ ಮೇಲೆ ಕೂತು ಇಬ್ಬರೂ ಪೆಟ್ಟಿಗೆ ಬಿಚ್ಚಿದರು. ಒಳಗೆ ಡಿಸ್ಕನ್ನು ಹಿಡಿದಿಡುವ ಎರಡು ಪ್ಲಾಸ್ಟಿಕ್ ಪಟ್ಟಿಗಳಿದ್ದವು. ದಾನೇಶ್ವರಿ ಆಸೆಯಿಂದ ಕೈಚೀಲದೊಳಗಿನ ಕರವಸ್ತ್ರ ಬಿಡಿಸಿ, ತನ್ನಲ್ಲಿದ್ದ ಒಂದು ಹಸಿರು ಪಟ್ಟಿಯನ್ನು ಅವುಗಳ ಪಕ್ಕಕ್ಕಿಟ್ಟು ನೋಡಿದಳು.

ಇವು ದಪ್ಪ, ಅವಳದು ತೆಳು. ತೂತುಗಳೂ ಕೂಡಲಿಲ್ಲ.

ಈ ಸಲವೂ ಇಲ್ಲ... ಬೇಸಿಗೆಯಿಂದ ಹುಡುಕುತ್ತಿದ್ದಳು. ಖಡೇಬಜಾರದ ಕಂಪ್ಯೂಟರ್ ಅಂಗಡಿಗಳಲ್ಲಿ ಕೇಳಿದರೆ, ಎರಡು ಸಾವಿರನೇ ಇಸವಿ ಬಂದರೂ ಇದನ್ನು ಹಿಡಿದು ಕೂತಿದ್ದೀರಾ, ಹೊಸ ಪೆಟ್ಟಿಗೆ ತಗೊಳ್ಳಿ ಎಂದು ನಕ್ಕು ಕಳಿಸುತ್ತಿದ್ದರು. ಹುಬ್ಬಳ್ಳಿಯ ಗೆಳತಿಗೂ ಹೇಳಿಟ್ಟಿದ್ದಳು. ಎಲ್ಲಿಯೂ ಸಿಕ್ಕಿರಲಿಲ್ಲ. ಅವಳ ಕಣ್ಣು ತುಂಬಿ ಬಂತು. ಗುರುತು ಪರಿಚಯವಿಲ್ಲದವನ ಮುಂದೆ ಅಳುವುದೆಂದರೆ! ಮುಖವನ್ನು ಆಚೆ ತಿರುಗಿಸಿದಳು.

ಅವನು ಏನನ್ನೂ ಕಾಣದವನಂತೆ ಹಸಿರು ಪಟ್ಟಿಯನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಕೇಳಿದ.

"ಇಂಥಾದ್ದ ಇನ್ನೊಂದು ಬೇಕೇನ್ರಿ? ನಾ ಮಾಡಿ ಕೊಡ್ತೀನಿ."

ಅವನ ಹೆಸರು ಸುಜಯ. ಊರು ಖಾನಾಪುರ. ದಿನಾ ಬೆಳಗಿನ ಬಸ್ಸಿಗೆ ಬಂದು ಉದ್ಯಮಬಾಗದ ಒಂದು ಪ್ಯಾಟರ್ನ್ ಶಾಪಿನಲ್ಲಿ ದುಡಿಯುತ್ತಿದ್ದ. ಫೌಂಡ್ರಿಯಲ್ಲಿ ಎರಕ ಹೊಯ್ಯುವ ಮೊದಲು ಆ ವಸ್ತುವಿನ ಪಡಿಯಚ್ಚನ್ನು ಸಾಗುವಾನಿಯಲ್ಲಿ ಕೆತ್ತಿಕೊಡುವುದು ಅವನ ಕಸಬು.

ಮುಂದಿನ ಶನಿವಾರ ದಾನೇಶ್ವರಿ ಶಾಪಿಗೆ ಹೋಗಿ ಹಸಿರು ಪಟ್ಟಿಯನ್ನು ಅಳತೆಗೆಂದು ಅವನ ಬಳಿ ಬಿಟ್ಟಳು. ಅದರ ಮುಂದಿನ ಶನಿವಾರವೂ ಹೋದಳು. ಪಟ್ಟಿಯ ಕೆಲಸ ಎಲ್ಲಿಗೆ ಬಂತು ಎಂದು ಕೇಳಲು ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು, ಪಾಪ.

ಕೂತಲ್ಲಿ ಅವಳು ತನ್ನ ಕಥೆ ಹೇಳಿದಳು. ಶಿವಬಸವ ನಗರದ ಮನೆಯ ಮುಂದಿನ ಕೋಣೆಯಲ್ಲಿ ಅವಳ ಅಪ್ಪ ಚನ್ನಬಸಯ್ಯ ಲಗ್ನಪತ್ರಿಕೆ, ಅರ್ಜಿ ಎಲ್ಲ ಟೈಪ್ ಮಾಡಿಕೊಡುತ್ತಿದ್ದರು. ಆ ಓಣಿಗೆ ಬಂದ ಮೊದಲ ಕಂಪ್ಯೂಟರ್ ಅದು. ಅಪ್ಪ ತೀರಿಕೊಂಡ ಮೇಲೆ ಮನೆಗೆ ಸುಣ್ಣ ಬಳಿಸುವಾಗ ಪೆಟ್ಟಿಗೆಯ ಸ್ಕ್ರೂಗಳೂ ಪಟ್ಟಿಗಳೂ ಎಲ್ಲೆಲ್ಲೋ ಹೋದವು. ಈಗ ಆ ಕೆಲಸವನ್ನು ಅವಳು ಮುಂದುವರಿಸಬೇಕೆಂದಿದ್ದಾಳೆ. ಒಳಗಿನ ಯಂತ್ರವೆಲ್ಲ ಹೊಸದು, ಆದರೆ ಪೆಟ್ಟಿಗೆ ಮಾತ್ರ ಅಪ್ಪನದೇ ಆಗಬೇಕು. ಡಿಸ್ಕನ್ನು ಎಡಕ್ಕೊಂದು ಬಲಕ್ಕೊಂದು ಪಟ್ಟಿ ಬಿಗಿದು ಪೆಟ್ಟಿಗೆಯೊಳಕ್ಕೆ ಜಾರಿಸಬೇಕು. ಅವಳ ಬಳಿ ಉಳಿದದ್ದು ಎಡದ್ದೊಂದೇ.

ಅದರ ಮೇಲೆ ಅಪ್ಪ ಮೊಳೆಯಿಂದ ಗೀರಿದ 'ಎ' ಎಂಬ ಅಕ್ಷರವಿತ್ತು. ಡಿಸ್ಕನ್ನು ಒಳಗೆ ತಳ್ಳುವ ಮೊದಲು ಅವರು ಅಲ್ಲಿಗೆ ಹೆಬ್ಬೆರಳಿನಿಂದ ಚೂರು ವಿಭೂತಿ ಒತ್ತುತ್ತಿದ್ದರು. ಗೀರಿನೊಳಗೆ ಆ ಬಿಳುಪು ಇನ್ನೂ ಉಳಿದಿತ್ತು. ಮಶೀನಿಗೆ ವಿಭೂತಿ ಹಚ್ಚುವ ಅಪ್ಪನನ್ನು ನೋಡಿ ಚಿಕ್ಕವಳಿದ್ದಾಗ ನಗುತ್ತಿದ್ದೆ ಎಂದು ಹೇಳಿ ಅವಳು ಕಣ್ಣೊರೆಸಿಕೊಂಡಳು. ಸುಜಯ ಉಳಿ ಕೆಳಗಿಟ್ಟು ಕೇಳುತ್ತಿದ್ದ.

ಅವನು ಅವಳಿಗಾಗಿ ಖಾನಾಪುರದಿಂದ ಪುಟ್ಟದೊಂದು ಮಣ್ಣಿನ ಕುಡಿಕೆ ತಂದುಕೊಟ್ಟ, ಸ್ಕ್ರೂ ಹಾಕಿಡಲು. ಡಿಸ್ಕಿನ ಸ್ಕ್ರೂಗಳ ಹಲ್ಲು ಬೇರೆ, ಫ್ಲಾಪಿಯದರ ಹಲ್ಲು ಬೇರೆ, ಒಂದನ್ನು ಇನ್ನೊಂದರ ತೂತಿಗೆ ಬಿಗಿದರೆ ಎರಡೂ ಹಾಳು ಎಂದು ಅವಳು ಅವನಿಗೆ ಕಲಿಸಿದಳು. ಅವನು ಒಂದು ಸಲ ಅಳತೆಗೆಂದು ಶಿವಬಸವ ನಗರದ ಮನೆಗೂ ಬಂದ. ಅವಳ ಅವ್ವ ಗಂಗಾದೇವಿ ಅವಲಕ್ಕಿ ಕೊಟ್ಟು, ಮಗಳ ಮುಖವನ್ನೊಮ್ಮೆ ನೋಡಿ, ಸುಮ್ಮನೆ ಒಳಗೆ ಹೋದರು.

ಗಣೇಶ ಹಬ್ಬ ಕಳೆಯಿತು. ಪಟ್ಟಿ ಮುಗಿಯಲಿಲ್ಲ. ದಾನೇಶ್ವರಿಗೆ ಅವಸರವೂ ಇರಲಿಲ್ಲ!

ಆಮೇಲೆ ಆ ಶನಿವಾರ ಬಂತು.

ಅವಳು ಎಂದಿಗಿಂತ ಬೇಗ ಶಾಪಿಗೆ ಹೋಗಿದ್ದಳು. ಸುಜಯ ಫೌಂಡ್ರಿಯ ಕಡೆ ಹೋಗಿದ್ದ. ಅವನ ಮೇಜಿನ ಮೇಲೆ, ಕರಗಸದ ಪಕ್ಕದಲ್ಲಿ, ಅಪ್ಪನ ಹಸಿರು ಪಟ್ಟಿ ಇತ್ತು.

ಎರಡು ತುಂಡಾಗಿ ಇತ್ತು.

ನಡುವೆ ನೇರವಾಗಿ ಕೊಯ್ದಿದ್ದರು. ಮೇಜಿನ ಮೇಲೆ ಹಸಿರು ಪುಡಿ ಚೆಲ್ಲಿತ್ತು. ದಾನೇಶ್ವರಿ ಆ ತುಂಡುಗಳನ್ನು ಕೈಗೆತ್ತಿಕೊಂಡಳು. ಅಪ್ಪನ ಬೆರಳು ತಾಕಿದ ಜಾಗಕ್ಕೆ ಕರಗಸ ಹಾಕಿದನೇ? ನಾನು ಅಷ್ಟೆಲ್ಲ ಹೇಳಿದ್ದು ಇವನ ಒಂದು ಕಿವಿಗೂ ಬೀಳಲಿಲ್ಲವೇ?

ಸುಜಯ ಬಂದವನು ಅವಳ ಮುಖ ನೋಡಿಯೇ ಬಾಗಿಲಲ್ಲಿ ನಿಂತ. ಒಳಗಿನ ಅಳತಿ ಹೊರಗಿನಿಂದ ಸಿಗೂದಿಲ್ಲ, ಅದಕ್ಕ ಕೊಯ್ದು ನೋಡಬೇಕಾತು ಎಂದು ಏನೋ ಹೇಳತೊಡಗಿದ. ಅವಳು ಕೇಳಿಸಿಕೊಳ್ಳಲಿಲ್ಲ.

"ನಿಮಗ ಎಲ್ಲಾನೂ ಸ್ಯಾಂಪಲ್ಲ ಏನ್ರಿ? ನಾ ಹೇಳಿದ್ದೂ, ನಾ ಅತ್ತದ್ದೂ?"

ಅವಳು ತುಂಡುಗಳನ್ನು ಮೇಜಿನ ಮೇಲೆ ಹಾಕಿದಳು.

"ಇಟ್ಕೋರಿ ಎರಡೂ ತುಂಡು. ನನಗ ಇನ್ನ ಪಟ್ಟೀನೂ ಬ್ಯಾಡ, ಏನೂ ಬ್ಯಾಡ."

ಅವಳು ತಿರುಗಿ ನೋಡದೆ ನಡೆದಳು. ಮನೆ ಮುಟ್ಟುವವರೆಗೂ ಅಳು ತಡೆದುಕೊಂಡು, ಅವ್ವನ ಮುಂದೆ ಎಲ್ಲ ಹೇಳಿ ಅತ್ತಳು. ಆಮೇಲೆ ಪಕ್ಕದ ಮನೆಯ ಫೋನಿಗೆ ಅವನ ಕರೆ ಬಂದಾಗಲೆಲ್ಲ ಇಲ್ಲ ಎಂದು ಹೇಳಿಸಿದಳು. ಸ್ವಲ್ಪ ದಿನಕ್ಕೆ ಕರೆ ಬರುವುದೂ ನಿಂತಿತು. ಬರದಿದ್ದಾಗ ಮಾತ್ರ ಅವಳ ಕಿವಿ ಪಕ್ಕದ ಮನೆಯ ಕಡೆಗೇ ಇರುತ್ತಿತ್ತು. ಹುಚ್ಚು ಮನಸ್ಸು... ಬೇಡ ಅಂದದ್ದನ್ನೇ ಕಾಯುತ್ತಾ ಕೂರುತ್ತದೆ.

ದಸರೆ ಬಂತು. ಮಹಾನವಮಿಯ ಖಂಡೆ ಪೂಜೆಗೆ ಗಂಗಾದೇವಿ ಮನೆಯ ಕುಡಗೋಲು, ಕತ್ತರಿ ಎಲ್ಲ ತೊಳೆದಿಟ್ಟರು. ಖಾಲಿ ಪೆಟ್ಟಿಗೆಯನ್ನೂ ಒರೆಸಿ ಹೂವಿಟ್ಟರು. ಹೂವಿಡುತ್ತಲೇ, ಬಹಳ ದಿನದಿಂದ ನುಂಗಿಕೊಂಡಿದ್ದ ಮಾತನ್ನು ಆಡಿದರು.

"ನಿಮ್ಮಪ್ಪ ಇದನ್ನ ತಂದ ಮರುದಿನಾನ ಬಿಚ್ಚಿ ಕುಂತಿದ್ದ, ದಾನೂ. ಗಾಳಿ ಆಡವಲ್ದು ಅಂತ ಹಿಂದಿನ ತಗಡನ್ನ ತಾನ ಕರಗಸಾ ಹಾಕಿ ಕೊಯ್ದಾ. ನಾ ಎಷ್ಟ ಬೈದಿದ್ದೆ ಅವಗ. ಇದನ್ನ ಮುಟ್ಟದ ಇಡಬೇಕು ಅಂದಾಕಿ ನೀ ಒಬ್ಬಾಕಿನ."

ದಾನೇಶ್ವರಿ ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ಚೌಕಾಕಾರದ ಸೊಟ್ಟ ಕಂಡಿ ಇತ್ತು. ಇಷ್ಟು ವರ್ಷ ಅದನ್ನು ಕಂಪನಿಯವರೇ ಮಾಡಿದ್ದು ಎಂದುಕೊಂಡಿದ್ದಳು! ಅಂಚಿನ ಮೇಲೆ ಬೆರಳಾಡಿಸಿದಳು. ಅಪ್ಪನಿಗೂ ಕರಗಸವೇ ಬೇಕಾಗಿತ್ತು...

"ನಾಳೆ ಬನ್ನಿ ಕೊಡೂ ಹಬ್ಬ," ಎಂದರು ಗಂಗಾದೇವಿ, ಮುಖ ನೋಡದೆ. "ಜಗಳಾಡಿದವರಿಗೇ ಮೊದಲ ಕೊಡಬೇಕು."

ವಿಜಯದಶಮಿಯ ಮಧ್ಯಾಹ್ನ ಅವಳು ಖಾನಾಪುರದ ಬಸ್ಸು ಹತ್ತಿದಳು. ಪೀರಣವಾಡಿ, ಮಚ್ಛೆ, ದೇಸೂರು ದಾಟುವವರೆಗೂ ಒಂದೇ ಯೋಚನೆ. ಮುಖ ಕೊಟ್ಟು ಮಾತಾಡುತ್ತಾನೋ ಇಲ್ಲವೋ? ನಾನು ಮಾಡಿದಂತೆ ಅವನೂ ಮನೆಯಲ್ಲಿಲ್ಲ ಎಂದು ಹೇಳಿಸಿದರೆ? ಕಂಡಕ್ಟರ್ ಮರಾಠಿಯಲ್ಲಿ ಊರು ಬಂತೆಂದು ಕೂಗಿದಾಗ, ಎಲ್ಲರೂ ಇಳಿದ ಮೇಲೆ ಅವಳು ಇಳಿದಳು.

ಮಲಪ್ರಭೆಯ ಸೇತುವೆ ದಾಟಿ, ಕುಂಬಾರರ ಆವಿಗೆಗಳ ಬಾಜೂಕ್ಕ ನಮ್ಮ ಮನಿ ಎಂದು ಅವನು ಎಂದೋ ಹೇಳಿದ್ದ. ಅಂಗಳದಲ್ಲಿ ಅವನ ಅವ್ವ ಭರಮವ್ವ ಕುರಿಮರಿಗೆ ಸೊಪ್ಪು ಹಾಕುತ್ತಿದ್ದರು. ಬೆಳಗಾವಿಯಿಂದ ಬಂದೆ, ಸುಜಯರ ಹತ್ತಿರ ಕೆಲಸವಿತ್ತು ಎಂದಷ್ಟೇ ಹೇಳಿದಳು. ಮಗ ಬನ್ನಿ ತರಲು ಹೋಗಿದ್ದಾನೆ, ಕೂಡು ಎಂದು ಆ ತಾಯಿ ಪಡಸಾಲೆಯಲ್ಲಿ ಕಂಬಳಿ ಹಾಸಿದರು.

ಗೋಡೆಯ ಬದಿಯಲ್ಲಿ ಖಂಡೆ ಪೂಜೆಯ ಸಾಮಾನು ಇನ್ನೂ ಹಾಗೇ ಇತ್ತು. ಸುಜಯನ ಉಳಿ, ಕಾನಸು, ಕರಗಸ, ಜೊತೆಗೆ ಉಣ್ಣೆ ಕತ್ತರಿ. ಎಲ್ಲಕ್ಕೂ ಅವರ ಮನೆದೇವರ ಭಂಡಾರ, ಎಂದರೆ ಅರಿಶಿನದ ಪುಡಿ, ಹಚ್ಚಿದ್ದರು. ಕೊನೆಯಲ್ಲಿ ಎರಡು ಪಟ್ಟಿಗಳಿದ್ದವು. ಒಂದು ಹೊಳೆಯುವ ಅಲ್ಯುಮಿನಿಯಮ್ಮಿನದು. ಇನ್ನೊಂದು ಹಸಿರು. ಎರಡು ತುಂಡು ಕೂಡಿ ಒಂದಾಗಿತ್ತು, ನಡುವೆ ಸಣ್ಣದೊಂದು ಗೆರೆ ಮಾತ್ರ ಉಳಿದಿತ್ತು.

ಆ ಹಸಿರು ಪಟ್ಟಿಗೆ ಭಂಡಾರ ಹಚ್ಚಿರಲಿಲ್ಲ. 'ಎ' ಅಕ್ಷರದ ಮೇಲೆ ವಿಭೂತಿ ಇತ್ತು!

ದಾನೇಶ್ವರಿ ಅದನ್ನೇ ನೋಡುವುದನ್ನು ಕಂಡು ಭರಮವ್ವ ನಕ್ಕರು.

"ಅದಕ್ಕ ಭಂಡಾರ ಹಚ್ಚಾಕ ಹೋದ್ರ ನನ್ನ ಕೈ ಹಿಡದಾ, ತಂಗಿ. ಅದು ಬ್ಯಾರೇ ಮನೀದೈತಿ ಬೇ, ಆ ಮನ್ಯಾಗ ವಿಭೂತಿ ಹಚ್ಚತಿದ್ರು ಅಂದಾ. ಮಠಕ್ಕ ಹೋಗಿ ಇಸ್ಕೊಂಡು ಬಂದು ತಾನ ಹಚ್ಚಿದಾ. ಏನ ಕಥಿನೋ ಅದರದು. ಶ್ರಾವಣದಾಗ ನಕ್ಕೋಂತ ಮನೀಗೆ ಬರತಿದ್ದ ಹುಡುಗ, ಈಗ ನೆಟ್ಟಗ ಊಟಾ ಮಾಡವಲ್ಲ."

ಎಲ್ಲವನ್ನೂ ಕೇಳಿಸಿಕೊಂಡಿದ್ದನಲ್ಲ... ಒಂದು ಮಾತನ್ನೂ ಬಿಟ್ಟಿರಲಿಲ್ಲ. ದಾನೇಶ್ವರಿ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಭರಮವ್ವ ಗಾಬರಿಯಾಗಿ ಬೆನ್ನು ಸವರಿದರು.

ಅಷ್ಟರಲ್ಲಿ ಸುಜಯ ಬಂದ. ತಲೆಗೆ ರುಮಾಲು, ಮುಷ್ಟಿಯಲ್ಲಿ ಬನ್ನಿ ಎಲೆ. ಹೊಸ್ತಿಲಲ್ಲಿ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟ. ಭರಮವ್ವ ಮಗನ ಮುಖ ನೋಡಿದರು, ಹುಡುಗಿಯ ಮುಖ ನೋಡಿದರು, ಚಹಾಕ್ಕೆ ಇಡುತ್ತೇನೆಂದು ಒಳಗೆ ಹೋದರು. ತಾಯಿಗೆ ಬಿಡಿಸಿ ಹೇಳಬೇಕೇ?

"ನಾ ಕೇಳಬೇಕಾಗಿತ್ರಿ," ಎಂದ ಸುಜಯ. "ನಮ್ಮ ಕಸಬಿನ್ಯಾಗ ನಮೂನಿ ಕೈಗೆ ಬಂತಂದ್ರ ಕೊಯ್ಯೋದ. ಅಳತಿ ತಪ್ಪಬಾರ್ದು ಅನ್ನೋದೊಂದ ತಲ್ಯಾಗಿತ್ತು. ಅದು ಬರೇ ನಮೂನಿ ಅಲ್ಲ ಅನ್ನೋದು ಮನಸ್ಸಿಗೆ ಗೊತ್ತಿತ್ತು, ಕೈ ಮರೀತು."

"ನಾನೂ ನಿಮ್ಮ ಮಾತು ಕೇಳಬೇಕಾಗಿತ್ತು."

ಅವನು ಹಸಿರು ಪಟ್ಟಿಯನ್ನು ಎತ್ತಿ ಅವಳ ಅಂಗೈಯಲ್ಲಿಟ್ಟ. ಒಳಗೆ ಹಿತ್ತಾಳೆಯ ತಗಡು ಕೊಟ್ಟು ಕೂಡಿಸಿದ್ದನಂತೆ. ಬಣ್ಣ ಹಚ್ಚಿ ಗೆರೆ ಮುಚ್ಚಬಹುದಿತ್ತು, ಮನಸ್ಸು ಬರಲಿಲ್ಲವಂತೆ.

"ಖರೇ ಹೇಳ್ಬೇಕಂದ್ರ, ಈ ಕೆಲಸಾ ಗಣೇಶ ಹಬ್ಬಕ್ಕಿಂತ ಮೊದಲ ಮುಗೀತಿತ್ತು," ಎಂದ, ನೆಲ ನೋಡುತ್ತಾ.

"ಮತ್ತ್ಯಾಕ ಮುಗೀಲಿಲ್ಲ?"

"ಮುಗದ್ರ ನೀವು ಬರೂದು ನಿಲ್ಲಿಸ್ತೀರಿ ಅಂತ... ಕೆಲಸಾ ಮುಂದ ಹಾಕ್ಕೋಂತ ಬಂದೆ. ನನಗ ಶನಿವಾರ ಬ್ಯಾರೆ, ಉಳಿದ ವಾರ ಬ್ಯಾರೆ ಆಗಿತ್ತು."

ದಾನೇಶ್ವರಿಯ ಒದ್ದೆ ಕಣ್ಣಲ್ಲಿ ನಗು ಬಂತು. "ಇಷ್ಟ ಸಣ್ಣ ಪಟ್ಟಿಗೆ ಅಷ್ಟ ದಿನಾ ಬೇಕೇನು? ನನಗೂ ಗೊತ್ತಿತ್ತು. ಗೊತ್ತಿದ್ದ ಸುಮ್ನ ಬರತಿದ್ದೆ."

ಸುಜಯ ಬನ್ನಿ ಎಲೆಗಳನ್ನು ಎರಡೂ ಕೈಯಲ್ಲಿ ಅವಳಿಗೆ ನೀಡಿದ. "ಬನ್ನಿ ತಗೊಂಡು ಬಂಗಾರದಂಗ ಇರೂಣು."

ಅವಳು ಎಲೆಗಳನ್ನು ಕಣ್ಣಿಗೊತ್ತಿಕೊಂಡಳು. ತಾನು ತಂದಿದ್ದನ್ನೂ ಅವನಿಗೆ ಕೊಟ್ಟಳು. ಬೆರಳಿಗೆ ಬೆರಳು ತಾಕಿತು, ಇಬ್ಬರೂ ತಕ್ಷಣ ತೆಗೆಯಲಿಲ್ಲ.

ಆಮೇಲೆ ಅವನು ಹೊಸ ಪಟ್ಟಿಯನ್ನು ಅವಳ ಮುಂದಿಟ್ಟ. ಬಲಗಡೆಯದು. ಅಳತೆ, ತೂತು ಎಲ್ಲ ಸರಿಯಾಗಿತ್ತು. ಮೇಲೆ ಅಕ್ಷರ ಮಾತ್ರ ಇರಲಿಲ್ಲ. ಬನ್ನಿ ಕೊಟ್ಟಾಯಿತಲ್ಲ, ಇನ್ನು ಹತಾರ ಎತ್ತಬಹುದು ಎಂದು ಪೂಜೆಯ ಸಾಲಿನಿಂದ ಚೂಪು ಕಡ್ಡಿಯೊಂದನ್ನು ತೆಗೆದುಕೊಟ್ಟ. ಅದಕ್ಕೂ ಭಂಡಾರ ಹಚ್ಚಿತ್ತು.

"ಎಡದ್ದು ನಿಮ್ಮಪ್ಪಾರು ಬರದಾರ. ಬಲದ್ದು ನೀವ ಬರೀಬೇಕು."

ಅವಳು 'ಬ' ಎಂದು ಗೀರಿದಳು. ಕಡ್ಡಿ ಜಾರಿ ಅಕ್ಷರ ವಾಲಿತು. ಗೀರಿನೊಳಗೆ ಅರಿಶಿನ ಬಣ್ಣ ಕೂತಿತು.

"ಸೊಟ್ಟ ಆತು ನೋಡ್ರಿ."

"ಆಗವಲ್ದ್ಯಾಕ, ಚಂದ ಐತಿ." ಸುಜಯ ಕಡ್ಡಿಯನ್ನು ಮರಳಿ ಸಾಲಿನಲ್ಲಿಟ್ಟ. "ಒಂದು ಮಾತೈತಿ. ಈ ಸಲ ಮೊದಲ ಕೇಳಿ ಆಮೇಲೆ ಮಾಡ್ತೀನಿ. ನಾಳೆ ನಮ್ಮವ್ವನ್ನ ಕರಕೊಂಡು ನಿಮ್ಮ ಮನೀಗೆ ಬರಲ್ಯಾ? ಪಟ್ಟಿ ಕೂಡಸಾಕಷ್ಟ ಅಲ್ಲ..."

ದಾನೇಶ್ವರಿ ಎರಡು ಪಟ್ಟಿಗಳನ್ನೂ ಒಂದೇ ಕರವಸ್ತ್ರದಲ್ಲಿ ಸುತ್ತಿದಳು. ತಲೆ ಎತ್ತದೆ ಹೇಳಿದಳು.

"ಬರ್ರಿ. ವಿಭೂತಿ ನಮ್ಮ ಮನ್ಯಾಗ ಐತಿ. ಬರೂಮುಂದ ಭಂಡಾರ ತರ್ರಿ."