ಅಳಿಸದೆ ಮುಚ್ಚಿದ ಖಾನೆ

ಆ ಹೆಣ್ಣುಮಗಳು ಬಂದಾಗ ಮಸ್ಕಿಯ ಟೈಪಿಂಗ್ ಶಾಲೆಯಲ್ಲಿ ಬೆಳಗಿನ ತಂಡ ಎದ್ದು ಹೋಗಿತ್ತು. ಯಂತ್ರಗಳಿಗೆ ಹೊದಿಕೆ ಹೊದಿಸುತ್ತಿದ್ದ ಹೊನ್ನೂರಮ್ಮನ ಕಿವಿಯಲ್ಲಿ ಟಕಟಕ ಸದ್ದು ಇನ್ನೂ ನಿಂತಿರಲಿಲ್ಲ. ಬಾಗಿಲಲ್ಲಿ ನಿಂತವಳ ಮಾತು ನೀರಿನೊಳಗಿಂದ ಬಂದಂತೆ ಕೇಳಿಸಿತು.

"ಮೈಮುನಾಬಿಯವರ ಶಾಲಿ ಇದೇ ಏನ್ರಿ? ಯಾರ ಕೈ ಬರದೈತಿ ಅಂತ ಹುಡುಕಿ ಕೊಡ್ತಾರಂತಲ್ರಿ?"

ಮೈಮುನಾಬಿ ಒಳಗೆ ರಿಬ್ಬನ್ ಸುತ್ತುತ್ತ ಕುಳಿತಿದ್ದರು. ಮೂವತ್ತು ವರ್ಷದಿಂದ ಅದೇ ಕುರ್ಚಿ. ಒಂದು ಕಾಗದವನ್ನು ಬೆಳಕಿಗೆ ಹಿಡಿದರೆ ಸಾಕು, ಅದನ್ನು ಹೊಡೆದದ್ದು ಯಾವ ಕಚೇರಿಯ ಯಂತ್ರ, ಹೊಡೆದವರ ಯಾವ ಬೆರಳು ಸೋತಿದೆ ಎಂದು ಹೇಳುತ್ತಿದ್ದರು. ಹೆಸರಿಲ್ಲದ ಪತ್ರ, ಸುಳ್ಳು ದಾಖಲೆ ಹಿಡಿದುಕೊಂಡು ಸುತ್ತಿನ ಮೂರು ತಾಲೂಕಿನ ಮಂದಿ ಮಸ್ಕಿಯಲ್ಲಿ ಬಸ್ಸಿಳಿಯುತ್ತಿದ್ದರು. ಅವರ ಮಾತನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ಕೆಲಸ ಹೊನ್ನೂರಮ್ಮನದು.

"ಕೂಡ್ರು ಬೇಟಿ," ಎಂದರು ಮೈಮುನಾಬಿ. "ಮೊದಲು ನೀರು ಕುಡಿ."

ಬಂದವಳು ಸಾಲಗುಂದದ ಯಮನೂರಮ್ಮ. ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಲ್ಲಿ ಅಲ್ಲಿಯ ಸೂಲಗಿತ್ತಿಯೊಬ್ಬಳ ಜೊತೆ ಹೆರಿಗೆ ಕೆಲಸ ಮಾಡುತ್ತಿದ್ದಳು. ನೀರು ಕುಡಿಯಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಪತ್ರ ಮುಂದಿಟ್ಟಳು.

"ನಾನು ಗಂಡ ಇದ್ದಾಕಿ ಅಂತ ಬರದಾರ್ರಿ. ಗದ್ಯಾಗ ಹಾವು ಕಡದು ಅವರು ಹೋಗಿ ಎರಡು ವರ್ಷ ಆತು."

ಪತ್ರ ಲಿಂಗಸುಗೂರಿನ ಒಂದು ಧರ್ಮದ ಆಸ್ಪತ್ರೆಯದು. ಅವರು ವರ್ಷಕ್ಕೆ ಒಬ್ಬ ವಿಧವೆಯನ್ನು ಆರಿಸಿ, ಊಟ ವಸತಿ ಕೊಟ್ಟು ನರ್ಸ್ ತರಬೇತಿ ಮಾಡಿಸುತ್ತಿದ್ದರು. ೧೯೯೯ರ ಆ ವರ್ಷ ಅರ್ಜಿಗಳನ್ನು ಕಾಗದದಲ್ಲಿ ತೆಗೆದುಕೊಂಡಿರಲಿಲ್ಲ. ಸಿಂಧನೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ತುಂಬಿಸಿ, ಫ್ಲಾಪಿಯಲ್ಲಿ ತರಿಸಿಕೊಂಡಿದ್ದರು. ಪತ್ರದಲ್ಲಿ ಹೀಗಿತ್ತು: ನಿಮ್ಮ ಅರ್ಜಿಯ ಪ್ರಕಾರ ನೀವು ವಿವಾಹಿತೆ, ಗಂಡನ ಹೆಸರು ಗಿಡ್ಡಪ್ಪ. ನೀವು ಕೊಟ್ಟಿರುವುದು ವೆಂಕೋಬ ಎಂಬ ಬೇರೊಬ್ಬರ ಮರಣಪತ್ರ. ಇದಕ್ಕೆ ಸೋಮವಾರ ಮೂರು ಗಂಟೆಯ ಸಭೆಯಲ್ಲಿ ಉತ್ತರ ಕೊಡದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ, ಮೋಸದ ದೂರು ಪೊಲೀಸರಿಗೆ ಹೋಗುತ್ತದೆ.

ಅಂದು ಸೋಮವಾರ.

"ನಿನ್ನ ಗಂಡನ ಹೆಸರೇನವ್ವ?" ಮೈಮುನಾಬಿ ಕೇಳಿದರು.

ಯಮನೂರಮ್ಮ ತಲೆ ತಗ್ಗಿಸಿದಳು. ಮರಣಪತ್ರವನ್ನು ಬಿಡಿಸಿ, ವೆಂಕೋಬ ಎಂದಿದ್ದಲ್ಲಿ ಬೆರಳಿಟ್ಟಳು.

"ಮತ್ತ ಈ ಗಿಡ್ಡಪ್ಪ?"

"ಅದೂ ಅವರದ ರೀ. ಊರಾಗ ಹಂಗ ಕರೀತಿದ್ರು. ಕಾಗದದಾಗ ಎಲ್ಲೂ ಇಲ್ಲ."

"ನಿನ್ನ ಜೋಡಿ ಅಂಗಡಿಗೆ ಯಾರು ಬಂದಿದ್ರು?"

"ಯಾರೂ ಇಲ್ರಿ. ತುಂಬಿದಾತ ಅಂಬಪ್ಪ, ನಮ್ಮೂರಾವನ. ಸತ್ತ ತಾರೀಕು ಕೇಳಿ ಹೊಡದ, ನಾ ನೋಡೀನಿ. ಮುಂದ ಫ್ಲಾಪಿ ಒಯ್ದಾತ ಆಸ್ಪತ್ರಿ ಗುಮಾಸ್ತ ಗ್ಯಾನಪ್ಪ. ಪಟ್ಟಿಯಾಗ ನನ್ನ ಹಿಂದ ಇರಾಕಿ ಅವನ ಅಣ್ಣನ ಮಗಳು." ಸ್ವಲ್ಪ ತಡೆದು ಸೇರಿಸಿದಳು, "ಇದು ತಪ್ಪಿದ್ರ ನನಗ ಬ್ಯಾರೆ ದಾರಿ ಇಲ್ರಿ. ಉಡಿಕಿ ಮಾಡ್ಕೋ, ಇನ್ನೊಂದು ಮನಿ ತುಂಬು ಅಂತ ಹಿರೇರು ಬೆನ್ನು ಹತ್ಯಾರ. ಓದಿ ಬಂದು ಹೇಳ್ತೀನಿ ಅಂದೀನಿ."

ಮೈಮುನಾಬಿ ಬುರ್ಖಾ ತೊಟ್ಟು ಎದ್ದರು. "ಹೊನ್ನೂರಿ, ಶಾಲಿಗೆ ಕೀಲಿ ಹಾಕು."

ಮೂವರೂ ಸಿಂಧನೂರಿನ ಬಸ್ಸು ಹತ್ತಿದರು. ಕಾಲುವೆ ನೀರಿನ ಸೀಮೆ ಬಂದ ಮೇಲೆ ಗದ್ದೆಯ ಹಸಿರು ಕಣ್ಣಿಗೆ ಮುಗಿಯುತ್ತಲೇ ಇರಲಿಲ್ಲ. ಅದರ ಮೇಲೆ ಬೆಳ್ಳಕ್ಕಿಗಳು ಏಳುತ್ತಿದ್ದವು, ಕೂರುತ್ತಿದ್ದವು. ಕೂತದ್ದು ಪೈರಿನೊಳಗೆ ಕಾಣೆಯಾಗುತ್ತಿತ್ತು. ಬಸ್ಸಿನ ಹಾರನ್ನಿಗೆ ಅದೇ ಜಾಗದಿಂದ ಮತ್ತೆ ಎದ್ದು ಬರುತ್ತಿತ್ತು. ಹೊನ್ನೂರಮ್ಮ ಕಿಟಕಿಗೆ ತಲೆಯಾನಿಸಿ ಅದನ್ನೇ ನೋಡುತ್ತಿದ್ದಳು.

ಅಂಗಡಿಯ ಒಡೆಯ ಅಲ್ಲಾಭಕ್ಷ್ ಮೈಮುನಾಬಿಯ ಹಳೆಯ ಶಿಷ್ಯ. ಆಸ್ಪತ್ರೆಯ ಅರ್ಜಿ ನಮೂನೆಯನ್ನು ಕಂಪ್ಯೂಟರಿನಲ್ಲಿ ತಯಾರಿಸಿದವನು ಅವನೇ. ಅಂಬಪ್ಪ ಚಹಾ ಕುಡಿಯಲು ಹೋಗಿದ್ದ. ಯಮನೂರಮ್ಮನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಮೈಮುನಾಬಿ ಪರದೆಯ ಮುಂದೆ ಕುಳಿತರು.

"ಇದು ಪಿಡಿಎಫ್ ಅರ್ಜಿ ಆಪಾ," ಅಲ್ಲಾಭಕ್ಷ್ ಹುರುಪಿನಿಂದ ಹೇಳಿದ. "ಆಸ್ಪತ್ರಿಯ ಎಲ್ಲಾ ತರಬೇತಿಗೂ ಇದೊಂದ. ಕಾಗದದಂಗ ಕಾಣ್ತದ, ಆದ್ರ ಒಳಗ ನಾ ಸ್ಕ್ರಿಪ್ಟ್, ಅಂದ್ರ ಯಂತ್ರಕ್ಕ ಅಪ್ಪಣಿ, ಬರದೀನಿ. ನೀವು ಏನು ಆರಿಸ್ತೀರಿ, ಅದಕ್ಕ ತಕ್ಕಂಗ ಮುಂದಿನ ಪ್ರಶ್ನಿ ಕೇಳ್ತದ. ನೋಡ್ರಿ."

'ವಿವಾಹಿತೆ' ಎಂಬಲ್ಲಿ ಒತ್ತಿದ. ಕೆಳಗೆ ಖಾಲಿ ಇದ್ದ ಜಾಗದಲ್ಲಿ 'ಗಂಡನ ಹೆಸರು' ಎಂಬ ಖಾನೆ ಮೂಡಿತು. 'ವಿಧವೆ' ಒತ್ತಿದ. ಅದು ಮಾಯವಾಗಿ, ಅದರ ಜಾಗಕ್ಕೆ 'ಗಂಡ ತೀರಿಕೊಂಡ ದಿನಾಂಕ' ಬಂತು. ಹೊನ್ನೂರಮ್ಮನಿಗೆ ಯಾರೋ ಒಳಗೆ ಕುಳಿತು ಸದ್ದಿಲ್ಲದೆ ಬಾಗಿಲು ತೆಗೆಯುತ್ತ ಮುಚ್ಚುತ್ತ ಇದ್ದಾರೆ ಅನ್ನಿಸಿತು.

"ವಿಧವಿಗೆ ಗಂಡನ ಹೆಸರು ಕೇಳಂಗಿಲ್ಲೇನು?"

"ಇಲ್ರಿ. ಅದು ಮರಣಪತ್ರದಾಗ ಇರ್ತದಲ್ಲ. ಗಂಡ ಇದ್ದಾಕಿಗೆ ಮಾತ್ರ. ಅಕಿ ಹೆಸರು ತುಂಬಲಿಲ್ಲಂದ್ರ ಈ 'ಮುಗಿಯಿತು' ಗುಂಡಿ ಕೆಲಸಾನ ಮಾಡಂಗಿಲ್ಲ."

ಮೈಮುನಾಬಿ 'ವಿವಾಹಿತೆ' ಒತ್ತಿ, ಹೆಸರಿನ ಖಾನೆಯಲ್ಲಿ ತಮ್ಮ ಊರ ಹೆಸರನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದರು. 'ವಿಧವೆ' ಒತ್ತಿದರು. ಮಸ್ಕಿ ಮಾಯವಾಯಿತು. ತಿರುಗಿ 'ವಿವಾಹಿತೆ' ಒತ್ತಿದರು. ಮಸ್ಕಿ ಹಾಗೆಯೇ ಇತ್ತು.

"ಎಲ್ಲಿಗೆ ಹೋಗಿತ್ತೋ ಇದು?"

ಅಲ್ಲಾಭಕ್ಷ್ ನಕ್ಕ. "ಎಲ್ಲೂ ಹೋಗಿದ್ದಿಲ್ರಿ. ಮುಚ್ಚು ಅಂತ ಬರದೀನಿ, ಅಳಿಸು ಅಂತ ಬರದಿಲ್ಲ. ಮಂದಿ ಕೈ ತಪ್ಪಿ ಒತ್ತಿದ್ರ ಹೊಡದದ್ದು ಉಳೀಲಿ ಅಂತ. ಇದು ನನಗ ಬಿಟ್ರ ಯಾರಿಗೂ ಗೊತ್ತಿಲ್ಲ."

"ಅರ್ಜಿ ಯಾವಾಗ ಉಳಿಸ್ಯಾರ ಅಂತ ಯಂತ್ರ ಹೇಳ್ತದೇನು?"

"ಈ ಯಂತ್ರದ ಬ್ಯಾಟರಿ ಸತ್ತದ ಆಪಾ. ದಿನಾ ಮುಂಜಾನಿ ಇದು ೧೯೮೦ರ ಜನವರಿ ಒಂದಕ್ಕ ಏಳ್ತದ. ಇದು ತೋರಿಸೋ ತಾರೀಕು ನಂಬಂಗಿಲ್ಲ."

ಅಷ್ಟರಲ್ಲಿ ಅಂಬಪ್ಪ ಬಂದ. ತೆಳ್ಳನೆಯ ಮೂವತ್ತರ ಆಳು. ಬೆಂಚಿನ ಮೇಲಿದ್ದವಳನ್ನು ನೋಡದೆ ಒಳಗೆ ಬಂದು ನಿಂತ.

"ದಿನಾ ನಲವತ್ತು ಮಂದಿ ಬರ್ತಾರ್ರಿ, ಯಾರ್ಯಾರಂತ ನೆನಪಿರ್ತದ?" ಎಂದ.

"ಈಕಿ ನಿಮ್ಮೂರಾಕಿ ಅಲ್ಲೇನಪ್ಪ?"

"ಹೌದ್ರಿ... ಬಂದಿದ್ಲು. ಹಸಿರು ಸೀರಿ ಉಟ್ಟಿದ್ಲು. ಗಂಡ ಅದಾನ ಅಂದ್ಲು, ಹಂಗ ಒತ್ತಿದೆ. ಹೆಸರು ಕೇಳ್ತು, ಗಿಡ್ಡಪ್ಪ ಅಂತ ಆಕಿನ ಹೇಳಿದ್ಲು. ಹೊಡದೆ."

"ಬ್ಯಾರೆ ಹೆಣ್ಣುಮಕ್ಕಳ ಅರ್ಜೀನೂ ನೀನೇ ತುಂಬ್ತೀಯಲ್ಲ. ಅವರ ಗಂಡಂದಿರ ಹೆಸರು ಯಾರು ಹೇಳ್ತಾರ?"

"ಅವ್ರ ಹಿಂದ ಅತ್ತಿ, ಮಕ್ಕಳು, ಯಾರರ ಇರ್ತಾರಲ್ರಿ, ಅವರು," ಎಂದ.

"ಬರೋಬ್ಬರಿ," ಎಂದರು ಮೈಮುನಾಬಿ ಏಳುತ್ತ. "ನೀವಿಬ್ಬರೂ ಮೂರು ಗಂಟಿಗೆ ಲಿಂಗಸುಗೂರಿಗೆ ಬರ್ರಿ."

ಲಿಂಗಸುಗೂರಿನ ಬಸ್ಸಿನಲ್ಲಿ ಹೊನ್ನೂರಮ್ಮ ಮೆಲ್ಲಗೆ ಹೇಳಿದಳು. "ಆಪಾ, ಗ್ಯಾನಪ್ಪನ ಇರಬೇಕು. ಅಣ್ಣನ ಮಗಳಿಗೆ ಸೀಟು ಸಿಗ್ತದ. ಫ್ಲಾಪೀನೂ ಅವನ ಕೈಯಾಗ."

"ಇರಬಹುದು," ಎಂದರು ಮೈಮುನಾಬಿ ಕಣ್ಣು ಮುಚ್ಚಿಕೊಂಡೇ. "ಆದ್ರ ಅವನ ಕೈಯಾಗ ಆ ಹೆಸರು ಹೆಂಗ ಬಂತು?"

ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಫಿನಾಯಿಲಿನ ವಾಸನೆ, ಹಳದಿ ಬಿಸಿಲು. ಅಧ್ಯಕ್ಷೆ ಡಾಕ್ಟರಮ್ಮ ಮೇಜಿನ ತುದಿಯಲ್ಲಿದ್ದರು. ದಪ್ಪ ಕನ್ನಡಕದ ಗ್ಯಾನಪ್ಪ ಕಂಪ್ಯೂಟರಿನ ಮುಂದೆ ಬೆವರುತ್ತಿದ್ದ. ಅಲ್ಲಾಭಕ್ಷ್, ಅಂಬಪ್ಪ ಗೋಡೆಗೆ ಒರಗಿದ್ದರು. ಯಮನೂರಮ್ಮ ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಈಕಿ ಅರ್ಜಿ ತಗಿರಿ," ಎಂದರು ಮೈಮುನಾಬಿ. ಪರದೆಯ ಮೇಲೆ ವಿವಾಹಿತೆ, ಅದರ ಕೆಳಗೆ ಗಿಡ್ಡಪ್ಪ. "ಈಗ 'ವಿಧವೆ' ಒತ್ರಿ."

ಗ್ಯಾನಪ್ಪ ಒತ್ತಿದ. ಗಿಡ್ಡಪ್ಪ ಮರೆಯಾದ. ಅದೇ ಜಾಗದಲ್ಲಿ, ಯಾರೂ ಏನೂ ಹೊಡೆಯದಿದ್ದರೂ, ಒಂದು ದಿನಾಂಕ ಎದ್ದು ಬಂತು. ಆಗಸ್ಟ್ ಹದಿನಾಲ್ಕು, ೧೯೯೭.

ಡಾಕ್ಟರಮ್ಮ ಮರಣಪತ್ರ ನೋಡಿದರು. ಅದೇ ದಿನ.

"ಈ ಖಾನಿ ಗಂಡ ಇದ್ದಾಕಿಗೆ ತೆರಿಯಂಗಿಲ್ಲ," ಎಂದರು ಮೈಮುನಾಬಿ. "ಅಂದ್ರ ಈಕಿ ಮೊದಲು ವಿಧವಿ ಅಂತನ ಹೇಳ್ಯಾಳ, ತಾರೀಕೂ ಕೊಟ್ಟಾಳ. ಆಮ್ಯಾಲ ಯಾರೋ ಬದಲಿ ಮಾಡ್ಯಾರ. ತಾರೀಕು ಕಣ್ಣಿಂದ ಮರಿ ಆತು, ಅಳಿಸಿ ಹೋತು ಅಂತ ತಿಳಕೊಂಡಾರ."

"ಯಾರು?" ಡಾಕ್ಟರಮ್ಮನ ಕಣ್ಣು ಗ್ಯಾನಪ್ಪನ ಮೇಲೆ ಹೋಯಿತು.

"ನಾನಲ್ರವ್ವ! ನನ್ನ ಮಕ್ಕಳಾಣೆ!"

"ಅವನಲ್ಲ," ಎಂದರು ಮೈಮುನಾಬಿ. "ಅಲ್ಲಾಭಕ್ಷನೂ ಅಲ್ಲ. ಮುಚ್ಚಿದ್ದು ಅಳಿಸಂಗಿಲ್ಲ ಅಂತ ಅವನಿಗೆ ಗೊತ್ತು. ಅವ ಮಾಡಿದ್ರ ತಾರೀಕು ಅಳಿಸಿ ಬಿಡ್ತಿದ್ದ. ಗ್ಯಾನಪ್ಪ ಯಾಕಲ್ಲ? ಖಾನಿ ಹೆಸರು ಕೇಳಿದಾಗ ಅವನ ಮುಂದ ಇದ್ದದ್ದು ಈಕಿ ಕಾಗದ ಅಷ್ಟ. ಎಲ್ಲಾದರಾಗೂ ವೆಂಕೋಬ. ಗಿಡ್ಡಪ್ಪ ಅನ್ನೋದು ಸಾಲಗುಂದದ ಓಣ್ಯಾಗ ಬಿಟ್ರ ಎಲ್ಲೂ ಇಲ್ಲ."

ಅವರು ಗೋಡೆಯ ಹತ್ತಿರ ನಿಂತ ಅಂಬಪ್ಪನತ್ತ ತಿರುಗಿದರು.

"ಆಕಿನ ಹೇಳಿದ್ಲು ಅಂದಿ ನೀನು. ನಾ ಕೇಳಿದಾಗ ಬೆರಳಿಟ್ಟು ತೋರಿಸ್ಯಾಳ. ಸತ್ತ ಮ್ಯಾಲೂ ಗಂಡನ ಹೆಸರು ಬಾಯಿಗೆ ತರಲಾರದಾಕಿ, ನಿನ್ನ ಅಂಗಡಿಯಾಗ ಹೇಳಿದ್ಲಂತೇನು? ಬ್ಯಾರೆಯವರಿಗೆ ಹಿಂದ ನಿಂತವರು ಹೇಳ್ತಾರ ಅಂತ ನೀನ ಹೇಳೀದಿ. ಈಕಿ ಹಿಂದ ಯಾರೂ ಇದ್ದಿಲ್ಲ." ಮೈಮುನಾಬಿಯ ದನಿ ತಗ್ಗಿತು. "ದಿನಾ ನಲವತ್ತು ಮಂದಿ ಬಂದ್ರೂ ಈಕಿ ಸೀರಿ ಬಣ್ಣ ನೆನಪಿಟ್ಟೀದಿ. ಉಡಿಕಿ ಕೇಳಿ ಹಿರೇರನ್ನ ಕಳಿಸಿದವ ನೀನೇ ಹೌದಲ್ಲೋ?"

ಯಮನೂರಮ್ಮ ಮೊದಲ ಸಲ ಅವನತ್ತ ತಿರುಗಿದಳು.

"ಪಟ್ಟಿಯಾಗ ಹೆಸರು ಬಿಟ್ಟುಹೋದ್ರ ಊರಾಗ ಉಳೀತಾಳ ಅಂದ್ಕೊಂಡೆ ರೀ," ಎಂದ ಅಂಬಪ್ಪ. "ಪೊಲೀಸು ಅಂತಾರ ಅಂತ ಗೊತ್ತಿದ್ದಿಲ್ಲ. ಆಕಿ ಹೋದ ಮ್ಯಾಲ ಬದಲಿ ಮಾಡಿದೆ. ಖಾನಿ ಹೆಸರು ಕೇಳ್ತು. ತುಂಬದ ಬಿಡವಲ್ದು."

"ಯಾವ ಹೆಸರು ಹೊಡದ್ರೂ ಬಿಡ್ತಿತ್ತು. ನಿಂದನ ಹೊಡೀಬಹುದಿತ್ತಲ್ಲ?"

"ಕೈ ಬರಲಿಲ್ರಿ." ಅವನು ಅಂಗೈ ನೋಡಿಕೊಂಡ. "ಸಣ್ಣಾವ ಇದ್ದಾಗಿಂದ ಕಾಲುವಿ ಈ ದಂಡಿಗೆ ನಿಂತು ಗಿಡ್ಡಪ್ಪಾ ಅಂತ ಕೂಗ್ತಿದ್ದೆ ಅವನ್ನ. ಅವನಿಗೆ ವೆಂಕೋಬ ಅಂತ ಹೆಸರಿತ್ತು ಅಂತ ನನಗ ಆಸ್ಪತ್ರಿ ಪತ್ರದ ಸುದ್ದಿ ಊರಾಗ ಹಬ್ಬಿದ ಮ್ಯಾಲ ತಿಳೀತು."

ಗ್ಯಾನಪ್ಪ ಕನ್ನಡಕ ತೆಗೆದು ಒರೆಸಿಕೊಂಡ. ಡಾಕ್ಟರಮ್ಮ ಅಂಬಪ್ಪನ ಮುಂದೆ ಬಿಳಿ ಹಾಳೆ ನೂಕಿದರು. ಮಾಡಿದ್ದನ್ನೆಲ್ಲ ಬರೆದು ರುಜು ಹಾಕು ಎಂದರು. ಪೊಲೀಸರಿಗೆ ಕೊಡಲೇನವ್ವ ಎಂದು ಯಮನೂರಮ್ಮನನ್ನು ಕೇಳಿದರು.

"ಬ್ಯಾಡ್ರಿ," ಎಂದಳು ಅವಳು. "ಇನ್ನ ನಮ್ಮ ಮನಿ ಕಡಿ ಯಾರನ್ನೂ ಕಳಸದು ಬ್ಯಾಡಂತ ಅದರಾಗ ಬರಸ್ರಿ."

"ಹಂಗಾದ್ರ ಸೀಟು ನಿಂದ. ಆದ್ರ ಒಂದು ಕೆಲಸ ಉಳದದ," ಡಾಕ್ಟರಮ್ಮ ಮರಣಪತ್ರ ಎತ್ತಿದರು. "ವೆಂಕೋಬ, ಆ ಇನ್ನೊಂದು ಹೆಸರಿನಾತ, ಇಬ್ಬರೂ ಒಬ್ಬನ ಅಂತ ಮನಿಯವರು ಸಭಾದಾಗ ಬಾಯಿಬಿಟ್ಟು ಹೇಳಬೇಕು. ನಡಾವಳಿಯಾಗ ಬರಕೋಬೇಕು. ಅಂಬಪ್ಪನ ಮಾತು ಈಗ ನಡಿಯಂಗಿಲ್ಲ. ನಿಮ್ಮ ಮನ್ಯಾಗ ಯಾರಿದ್ದಾರ?"

"ನಾನ ಅದೀನ್ರಿ."

ಅವಳು ಕಿಟಕಿಯ ಕಡೆ ನೋಡಿದಳು. ಅಲ್ಲಿ ಆಸ್ಪತ್ರೆಯ ಚಾದರಗಳು ತಂತಿಯ ಮೇಲೆ ಒಣಗುತ್ತಿದ್ದವು. ತುಟಿ ಎರಡು ಸಲ ಅಲ್ಲಾಡಿ ನಿಂತಿತು. ಹೊನ್ನೂರಮ್ಮ ಪೆನ್ಸಿಲ್ ಹಿಡಿದು ಕಾದಳು.

"ವೆಂಕೋಬ," ಎಂದಳು ಯಮನೂರಮ್ಮ. ಅದು ಯಾರದೋ ಹೆಸರಿನಂತೆ ಸಲೀಸಾಗಿ ಬಂತು. ಆಮೇಲೆ ಉಸಿರು ಎಳೆದುಕೊಂಡು, "ಗಿಡ್ಡಪ್ಪ."

ಡಾಕ್ಟರಮ್ಮ ಬರೆದುಕೊಂಡು ಪುಸ್ತಕ ಮುಚ್ಚಿದರು. ಗ್ಯಾನಪ್ಪ ಯಂತ್ರ ಆರಿಸಿದ. ಎಲ್ಲರೂ ಏಳುವ ಹೊತ್ತಿಗೆ ಯಮನೂರಮ್ಮ ಗಿಡ್ಡಪ್ಪನ ಹೆಸರನ್ನು ಇನ್ನೊಮ್ಮೆ ಹೇಳಿದಳು, ಸ್ವಲ್ಪ ಜೋರಾಗಿ, ಕಾಲುವೆಯ ಆಚೆ ದಂಡೆಗೆ ಕೇಳಬೇಕು ಎಂಬಂತೆ.

ಎರಡನೆಯ ಸಲ ಹೇಳು ಎಂದು ಯಾರೂ ಕೇಳಿರಲಿಲ್ಲ. ಹೊನ್ನೂರಮ್ಮ ಬರೆದುಕೊಳ್ಳಲಿಲ್ಲ.