ಗೆದ್ದವರ ಮನೆಗೆ ಕಾಯಿ

ಇವತ್ತು ತಿಪ್ಪೇಶನಿಗೆ ಹೇಳಿಯೇಬಿಡುವುದು ಎಂದು ಹೇಮಾವತಿ ವಾರವಿಡೀ ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುತ್ತ ತೀರ್ಮಾನಿಸಿದ್ದಳು. ಭಾನುವಾರ ಹಸಿರು ಚೂಡಿದಾರ ಹಾಕಿಕೊಂಡು ಕೆರೆಯಂಗಳಕ್ಕೆ ಬಂದವಳಿಗೆ ಮೊದಲು ಕಂಡದ್ದು ಅವನ ಸೈಕಲ್ಲಿನ ಬಾಲ. ಅದರ ಮೇಲೊಂದು ಹೊಸ ಮೆತ್ತನೆಯ ಸೀಟು, ಎರಡೂ ಪಕ್ಕ ಕಾಲಿಡಲು ಕಬ್ಬಿಣದ ಪಟ್ಟಿ.

ಆ ಕಡೆಗೆಲ್ಲ ಬಾಲದ ಸೈಕಲ್ ಮಾಡುವವನು ತಿಪ್ಪೇಶನೊಬ್ಬನೇ. ಹಿರೇನಲ್ಲೂರಿನ ತನ್ನ ವೆಲ್ಡಿಂಗ್ ಅಂಗಡಿಯಲ್ಲಿ ಹಳೇ ಸೈಕಲ್ಲಿನ ಹಿಂಭಾಗ ಕೊಯ್ದು, ಪೈಪು ಸೇರಿಸಿ, ಚಕ್ರವನ್ನು ಒಂದು ಮೊಳ ಹಿಂದಕ್ಕೆ ತಳ್ಳುತ್ತಿದ್ದ. ಆರು ದಿನ ಅವು ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊರುತ್ತಿದ್ದವು. ಭಾನುವಾರ ಚೌಳಹಿರಿಯೂರಿನಾಚೆಯ ಒಣಗಿದ ಕೆರೆಯಲ್ಲಿ ಅವುಗಳದ್ದೇ ರೇಸು. ತಂತಮ್ಮ ಮನೆಯ ಸುಲಿದ ತೆಂಗಿನಕಾಯಿ ತುಂಬಿದ ಚೀಲಗಳನ್ನು ಬಾಲಕ್ಕೆ ಕಟ್ಟಿಕೊಂಡು, ಬಿರುಕುಬಿಟ್ಟ ಗೋಡುಮಣ್ಣಿನ ಮೇಲೆ, ಜಾಲಿಗಿಡಗಳ ಸಂದಿಯಲ್ಲಿ ಒಂದು ಸುತ್ತು ಹಾಕಿ, ತೂಬಿನ ಪಕ್ಕ ಕೆರೆಯ ಏರಿಯನ್ನು ಹತ್ತಬೇಕು. ಬಹುಮಾನವಿಲ್ಲ. ಓಡುವುದು ಇಬ್ಬಿಬ್ಬರು, ಸೋತವರು ಗೆದ್ದವರ ಕಾಯಿಯನ್ನು ಅವರ ಮನೆ ಬಾಗಿಲಿಗೆ ಮುಟ್ಟಿಸಬೇಕು, ಅಷ್ಟೇ.

ಮೂರು ವರ್ಷದಿಂದ ಹೇಮಾವತಿಯ ಜೋಡಿ ತಿಪ್ಪೇಶ. ಮೂರು ವರ್ಷದಿಂದ ಗೆದ್ದವಳು ಅವಳೇ.

“ಏನ್ರೀ ತಿಪ್ಪೇಶ್, ಇವತ್ತು ಕಾಯಿಗೂ ಮೆತ್ತೆ ಹಾಸ್ಕೊಂಡ್ ಬಂದಿದೀರಾ?”

“ಕಾಯಿಗಲ್ಲ ಕಣ್ರೀ.” ಅವನು ನಕ್ಕ. ನಗುವಾಗ ಅವನು ಅವಳ ಮುಖ ಬಿಟ್ಟು ಬಳೆ ನೋಡುತ್ತಿದ್ದ. ಅದನ್ನು ಗಮನಿಸಿದ್ದವಳು ಅವಳೊಬ್ಬಳೇ. “ಕೂತ್ ನೋಡ್ರಿ, ಗಟ್ಟಿ ಐತೋ ಇಲ್ವೋ.”

ಹೇಮಾವತಿ ಸೀಟಿನ ಮೇಲೆ ಕೂತಳು. ಪಟ್ಟಿಯ ಮೇಲೆ ಕಾಲಿಟ್ಟರೆ ಮಂಡಿಗಳು ಎದೆಯ ಮಟ್ಟಕ್ಕೆ ಬಂದವು.

“ಥೂ, ನಾನೇನು ಕಪ್ಪೇನಾ? ಮಂಡಿ ಗದ್ದಕ್ಕೆ ತಾಗ್ತಾವೆ.”

“ನೀವು ಉದ್ದ ಅಲ್ವಾ.”

“ಅದು ಈಗ ಗೊತ್ತಾಯ್ತಾ? ನನ್ ಸೀಟು ಏರ್ಸಿ ಕೊಟ್ಟೋರು ನೀವೇ. ಇದು ಯಾರ ಅಳತೆ?”

ಅವನು ಬ್ರೇಕಿನ ವೈರು ಮುಟ್ಟಿ ನೋಡಿದ. ಅದು ಸರಿಯಾಗಿಯೇ ಇತ್ತು.

“ಅಜ್ಜಂಪುರದ ಹುಡುಗಿ. ಸ್ಫೂರ್ತಿ ಅಂತ. ಸ್ವಲ್ಪ ಗಿಡ್ಡ. ಬರೋ ಶುಕ್ರವಾರ ಒಪ್ಪಿಗೆ ಶಾಸ್ತ್ರ.”

ಹೇಮಾವತಿ ಇಳಿದು ಚೂಡಿದಾರದ ಧೂಳು ಕೊಡವಿದಳು. ಕೊಡವಿದಷ್ಟೂ ಇತ್ತು.

“ಒಳ್ಳೇದಾಯ್ತು ಬಿಡಿ,” ಎಂದಳು.

“ಲೇ ತಿಪ್ಪೇಶ, ಏನೋ ಅದು ಮುಗೀದೇ ಇರೋ ಮಾತು?” ಸೀಟಿ ಊದಲು ನಿಂತಿದ್ದ ಹಾಲೇಶ ಕೂಗಿದ. “ಬಿಸ್ಲು ಏರ್ತೈತೆ, ಬರ್ರೋ!”

ಸೀಟಿಯಾಯಿತು. ಅಭ್ಯಾಸದ ಕಾಲುಗಳು ತಾವಾಗಿಯೇ ತುಳಿದವು. ಜಾಲಿಗಿಡದ ತಿರುವಿನಲ್ಲಿ ಅವಳು ಎಂದಿನಂತೆ ಒಳಗಿನಿಂದ ನುಗ್ಗಿ ಮುಂದಾದಳು. ಬೆನ್ನ ಹಿಂದೆ ಅವನ ಚೈನಿನ ಸದ್ದು, ಅವನ ಉಸಿರು. ಮೂರು ವರ್ಷ ಆ ಉಸಿರನ್ನು ಹಿಂದಿಟ್ಟುಕೊಂಡೇ ಓಡಿದ್ದಳು. ಕೆರೆಯ ಏರಿಗೆ ಇನ್ನು ಹತ್ತೇ ಮಾರು ಉಳಿದಿತ್ತು. ಹೇಮಾವತಿ ಬ್ರೇಕು ಹಿಡಿದು ಕಾಲೂರಿ ನಿಂತುಬಿಟ್ಟಳು.

ತಿಪ್ಪೇಶ ಏರಿಯ ಮೇಲೆ ಹೋದ. ಗೆದ್ದೆನೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಸೈಕಲ್ ಒರಗಿಸಿ ಇಳಿದು ಬಂದ.

“ಚೈನ್ ಬಿತ್ತಾ?”

“ಇಲ್ಲ.”

“ಬೇಕಂತ ನಿಂತ್ರಾ?”

“ಹೂಂ.”

ಅವನ ಮುಖ ಧೂಳಿನಡಿಯಲ್ಲಿ ಕೆಂಪಾಯಿತು. “ಇವತ್ತೇ ಸೋಲ್ಬೇಕಿತ್ತಾ? ಒಂದೇ ಒಂದ್ಸಲ ಇವ್ರು ಸೋಲ್ಲಿ, ಕಾಯಿ ತಗೊಂಡು ನಮ್ಮನೇಗೆ ಬರ್ಲಿ, ಅವ್ವ ನೋಡ್ಲಿ ಅಂತ ಮೂರು ವರ್ಷ ಕಾದೆ. ಬಾಯಿಬಿಟ್ಟು ಕೇಳೋ ಧೈರ್ಯ ಇರ್ಲಿಲ್ಲ. ನಮ್ಮನೆ ಹೊಸ್ಲು ತುಳಿಯೋಕೆ ಇಷ್ಟ ಇಲ್ಲ, ಅದಕ್ಕೇ ಹಿಂಗೆ ಜೀವ ಬಿಟ್ಕೊಂಡು ಗೆಲ್ತಾರೆ ಅಂದ್ಕೊಂಡ್ಬಿಟ್ಟೆ.”

“ಗೆದ್ರೆ ನೀನು ನಮ್ಮನೆ ಬಾಗ್ಲಿಗೆ ಬರ್ತೀಯ ಅಂತ ಗೆಲ್ತಿದ್ದೆ ಕಣೋ.”

ಅವನನ್ನು ನೀನು ಎಂದದ್ದು ಅದೇ ಮೊದಲು. ಇವತ್ತು ಹೇಳಬೇಕೆಂದು ಬಂದಿದ್ದ ಮಾತು ಅದರಲ್ಲೇ ಮುಗಿದುಹೋಗಿತ್ತು.

“ಒಳಗೆ ಬನ್ನಿ ಅಂದಾಗೆಲ್ಲ ನೀನು ಅಂಗಡಿ ತೆಗೀಬೇಕು ಅಂತ ಓಡ್ತಿದ್ದೆ. ಚೀಲ ಇಳ್ಸಿದ ಜಾಗಾನೇ ನೋಡ್ತಾ ಕೂತಿರ್ತಿದ್ದೆ ನಾನು.”

ತಿಪ್ಪೇಶ ಕುಕ್ಕರಗಾಲಲ್ಲಿ ಕೂತ. ಒಣಗೋಡಿನ ಹೆಂಟೆಯೊಂದನ್ನು ಬೆರಳಲ್ಲಿ ಪುಡಿಮಾಡಿದ.

“ಹೇಮಾ, ಈಗ್ಲೂ... ನಾನು ಅವ್ವನ ಹತ್ರ ಒಂದ್ ಮಾತು...”

“ಅವಳ ಕಾಲಿನ ಅಳತೆ ಹೆಂಗೆ ತಗೊಂಡೆ?”

“ಅವ್ರ ಮನೆ ಜಗಲಿ ಮೇಲೆ ಕೂರ್ಸಿ. ಟೇಪ್ ಹಿಡ್ದು.”

“ಆವಾಗ ನಗ್ತಿದ್ಲಾ ಅವಳು?”

ಅವನು ಸುಳ್ಳು ಹೇಳುವವನಲ್ಲ. ಬೆರಳಿನ ಮಣ್ಣು ಒರೆಸಿಕೊಂಡು, “ನಗ್ತಿದ್ಲು,” ಎಂದ.

“ಹಂಗಾದ್ರೆ ಆ ಪಟ್ಟಿ ಕೊಯ್ದು ಹಾಕು ಅಂತ ನಾನು ಹೇಳಲ್ಲ. ಏಳು, ನಿನ್ ಕಾಯಿ ಬಿಚ್ಚಿ ಕೊಡು.”

“ಬೇಡ ಬಿಡು, ನಾನೇ ಒಯ್ತೀನಿ.”

“ರೂಲ್ಸ್ ಅಂದ್ರೆ ರೂಲ್ಸೇ.”

ಎರಡು ಮನೆಯ ಕಾಯಿಯೂ ಅವಳ ಸೈಕಲ್ಲಿನ ಬಾಲದಲ್ಲೇ ಹಿಡಿಸಿತು. ಹಿರೇನಲ್ಲೂರಿನವರೆಗೆ ಅವನು ಪಕ್ಕದಲ್ಲೇ ಬಂದ. ಇಷ್ಟು ನಿಧಾನವಾಗಿ ಅವಳು ಎಂದೂ ತುಳಿದಿರಲಿಲ್ಲ. ಆದರೂ ಊರು ಬಂದುಬಿಟ್ಟಿತು.

ಅವನ ತಾಯಿ ಕರಿಬಸಮ್ಮ ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದಳು. “ಯಾರವ್ವಾ ನೀನು?”

“ಹೇಮಾವತಿ. ಚೌಳಹಿರಿಯೂರು ಡೇರಿ.”

“ಅಯ್ಯೋ, ಸೋಲದೇ ಇರೋಳು ನೀನೇನಾ! ಇವತ್ತೇನಾಯ್ತೇ?”

“ಸುಸ್ತಾಯ್ತು ಕಣವ್ವ.”

ಕರಿಬಸಮ್ಮ ಕೈಹಿಡಿದು ಒಳಗೆ ಕರೆದೊಯ್ದು, ಬೆಲ್ಲ, ನೀರು ಕೊಟ್ಟಳು. ಅಡಿಯಿಂದ ಮುಡಿಯವರೆಗೆ ನೋಡಿದಳು. “ಎಷ್ಟು ಲಕ್ಷಣವಾಗಿದೀಯ ತಾಯಿ! ಇವನು ಒಂದಿನಾನೂ ಬಾಯಿಬಿಡ್ಲಿಲ್ಲ ನೋಡು.” ಹೊರಗೆ ಅಂಗಳದಲ್ಲಿ ನಿಂತಿದ್ದ ಮಗನನ್ನೊಮ್ಮೆ ನೋಡಿದಳು. ಮತ್ತೆ ಯಾಕೋ ಅವಸರವಾಗಿ ಚೀಲ ಬಿಚ್ಚಿ ಸುರಿದಳು.

“ಒಳ್ಳೇ ಹೊತ್ಗೆ ಕಾಯಿ ತಂದೆ. ಶುಕ್ರವಾರದ ತಟ್ಟೆಗೆ ಐದು ಬೇಕು. ನನ್ ಕಿವಿ ಮಂದ ಕಣೇ. ನೀನೇ ಸ್ವಲ್ಪ ಅಲ್ಲಾಡ್ಸಿ ನೋಡಿ, ನೀರಿರೋವು ಆರ್ಸಿ ಕೊಡವ್ವ.”

ಹೇಮಾವತಿ ನೆಲದ ಮೇಲೆ ಕೂತಳು. ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಜುಟ್ಟು ಮುರಿದದ್ದನ್ನು ಪಕ್ಕಕ್ಕಿಟ್ಟಳು, ಕಣ್ಣಿನ ಹತ್ತಿರ ಸೀಳಿದ್ದನ್ನು ಬಿಟ್ಟಳು. ತಿಪ್ಪೇಶ ತನ್ನ ಮನೆಯೊಳಗೆ ತಾನೇ ಬರಲಾಗದೆ ಹೊರಗೇ ನಿಂತಿದ್ದ.

ನಾಲ್ಕು ಬೇಗ ಸಿಕ್ಕವು. ಐದನೆಯದಕ್ಕೆ ಹೊತ್ತು ಹಿಡಿಯಿತು. ಅಲ್ಲಾಡಿಸಿ ಕೇಳಿದಳು, ಮತ್ತೆ ಅಲ್ಲಾಡಿಸಿ ಕೇಳಿದಳು. ಆಮೇಲೆ ಸೆರಗಿಲ್ಲದ್ದಕ್ಕೆ ವೇಲಿನ ತುದಿಯಿಂದಲೇ ಅದರ ಮೇಲಿನ ಕೆರೆಯ ಧೂಳನ್ನು ಪೂರ್ತಿ ಒರೆಸಿದಳು.

“ಇದಿಡಿ ಅವ್ವ,” ಎಂದಳು. “ಇದು ತುಂಬ್ಕೊಂಡೈತೆ.”