ಮಸಿನೀರಿನ ಸಾಕ್ಷಿ

"ನನ್ನ ಎರಡು ವರ್ಷದ ಕೆಲಸಕ್ಕೆ ಕಲ್ಲು ಹಾಕಿದ್ರಲ್ಲ ನೀವು!"

ಲೇಸರ್ ಕೋಣೆಯ ಬಾಗಿಲಲ್ಲೇ ಅವಳು ಅವನನ್ನು ತಡೆದಳು. ಅವನು ಲೇಸರ್ ಪರೀಕ್ಷಿಸಲು ಬಂದ ಎಂಜಿನಿಯರ್. ಅವಳ ಕೈಯಲ್ಲಿ ಅವನ ವರದಿ: 'ಪವರ್ ಏರಿಸಿದರೂ ಹೊರಬರುವ ಬೆಳಕು ಏರುತ್ತಿಲ್ಲ. ಲೇಸರ್ ಕೆಟ್ಟಿದೆ.'

"ಕಂಡಿದ್ದನ್ನೇ ಬರೆದೆ, ಮೇಡಂ..."

ಅವಳು ಭೌತವಿಜ್ಞಾನಿ. ಕಣ್ಣಿಗೆ ಕಾಣದಷ್ಟು ಸಣ್ಣ ಕಾರ್ಬನ್ ಕೊಳವೆಗಳನ್ನು ನೀರಿಗೆ ಬೆರೆಸಿ, ಆ ಮಸಿನೀರಿನೊಳಗೆ ಲೇಸರ್ ಹಾಯಿಸುವುದೇ ಅವಳ ಸಂಶೋಧನೆ. ಮೆಲ್ಲನೆಯ ಬೆಳಕನ್ನು ಆ ನೀರು ಸಲೀಸಾಗಿ ಬಿಡುತ್ತಿತ್ತು, ಜೋರಾದರೆ ತಡೆಯುತ್ತಿತ್ತು. ಈಗ ಲೇಸರೇ ಕೆಟ್ಟಿದೆ ಎಂದರೆ, ಅವಳ ಫಲಿತಾಂಶವೆಲ್ಲ ಯಂತ್ರದ ದೋಷ ಎಂದಾಗುತ್ತದೆ. ಸೋಮವಾರ ಬೇರೆ ಕಾಯಂ ಹುದ್ದೆಯ ಸಂದರ್ಶನ!

ಸಿಟ್ಟಿನಲ್ಲಿ ತನ್ನ ಪುಟ್ಟ ಗಾಜಿನ ಡಬ್ಬಿಯನ್ನು ಲೇಸರ್ ಮೇಜಿನಿಂದ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ವರದಿಯ ಎರಡನೇ ಪುಟ ತಿರುಗಿಸಲೂ ಇಲ್ಲ. ಕೋಪಕ್ಕೆ ಮೊದಲ ಪುಟವೇ ಸಾಕಾಗಿತ್ತು.

ವಿಚಿತ್ರವೆಂದರೆ, ಮರುದಿನದಿಂದ ಲೇಸರ್ ಸರಿಯಾಗಿಯೇ ಇತ್ತು! ಅವನು ಮಾತ್ರ ಊಟ ಬಿಟ್ಟು ತಡಕಾಡುತ್ತಲೇ ಇದ್ದ.

"ಕಾರಣ ಹುಡುಕದೆ ಹೋಗಲ್ಲ ಮೇಡಂ. ನಿಮ್ಮ ಸಂದರ್ಶನ ಕೆಡಬಾರದು."

'ಇವನಿಗ್ಯಾಕಪ್ಪಾ ಇಷ್ಟು ಕಾಳಜಿ?' ಅವಳ ಎದೆ ಸುಮ್ಮನೆ ಹೊಡೆದುಕೊಂಡಿತು.

ಶುಕ್ರವಾರ ಬೆಳಿಗ್ಗೆ, ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಅವಳ ಗೋಳು ಕೇಳಿ, ಕಾಫಿ ಕೊಡುತ್ತಾ ಗದರಿದಳು. "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತೇನೇ? ಮೊದಲು ಆ ಹುಡುಗ ಬರೆದಿದ್ದನ್ನ ಪೂರ್ತಿ ಓದು!"

ಓದಿದಳು. ಎರಡನೇ ಪುಟದ ತುಂಬ ಅಂಕಿಗಳು... ಅರೆ! ಇವೆಲ್ಲ ತನ್ನ ನೋಟ್‌ಬುಕ್‌ನಲ್ಲಿರುವ ಅಂಕಿಗಳೇ!

ಲೇಸರ್ ಕೋಣೆಗೆ ಓಡಿ ಬಂದು ಅವನನ್ನು ಕೇಳಿದಳು. "ಮೊದಲ ದಿನ ಅಳತೆ ಮಾಡುವಾಗ, ಲೇಸರ್ ಎದುರಿಗಿದ್ದ ಗಾಜಿನ ಡಬ್ಬಿ ತೆಗೆದಿದ್ರಾ?"

"ಅದು... ಮಷೀನಿಂದೇ ಅಲ್ವಾ?"

"ಅಯ್ಯೋ ದೇವರೇ! ಅದರಲ್ಲಿದ್ದದ್ದು ನನ್ನ ಮಸಿನೀರು!"

ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವನು ಕಿವಿ ಹಿಡಿದುಕೊಂಡು ಹೊಸ ವರದಿ ಬರೆದ: 'ಲೇಸರ್ ಸರಿಯಿದೆ. ಡಬ್ಬಿ ತೆಗೆಯದೆ ಅಳೆದದ್ದು ನನ್ನ ತಪ್ಪು.'

ಸೋಮವಾರ ಅವಳು ಎರಡೂ ವರದಿಗಳನ್ನು ಸಂದರ್ಶಕರ ಮುಂದಿಟ್ಟಳು. ವಿಭಾಗದ ಮುಖ್ಯಸ್ಥೆ ಕನ್ನಡಕ ಸರಿಮಾಡಿಕೊಂಡರು. "ಏನೂ ಗೊತ್ತಿಲ್ಲದವರು ಅಳೆದರೂ ಅದೇ ಫಲಿತಾಂಶ! ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?"

ಹುದ್ದೆ ಸಿಕ್ಕಿತು! ಲೇಸರ್ ಕೋಣೆಗೆ ಬಂದಾಗ ಅವನು ಉಪಕರಣದ ಪೆಟ್ಟಿಗೆ ಮುಚ್ಚುತ್ತಿದ್ದ.

"ಹೊರಟ್ರಾ?"

"ಕೆಲಸ ಮುಗೀತಲ್ಲ... ಒಂದು ಮಾತು ಮಾತ್ರ ಉಳಿದಿದೆ. ಜೋರಾಗಿ ಹೇಳೋಕೆ ಭಯ. ನಿಮ್ಮ ನೀರಿನ ಹಾಗೆ ನೀವೂ ತಡೆದುಬಿಟ್ರೆ?"

ಅವಳು ಹತ್ತಿರ ಬಂದಳು. ಕಣ್ಣು ತುಂಬಿತ್ತು, ತುಟಿಯಲ್ಲಿ ನಗು.

"ಎರಡು ವರ್ಷದಿಂದ ನಾನು ಅಳೆದಿರೋದೇ ಅದು ಕಣ್ರೀ... ಮೆಲ್ಲಗೆ ಬಂದ್ರೆ ತಡೆಯಲ್ಲ."

ಅವನು ಬಾಗಿ, ಅವಳಿಗಷ್ಟೇ ಕೇಳುವಂತೆ ಆ ಮಾತು ಹೇಳಿದ.

"ನಂಗೂ ನೀವಂದ್ರೆ ತುಂಬಾ ಇಷ್ಟ," ಎಂದಳು ಅವಳು, ಅಷ್ಟೇ ಮೆಲ್ಲಗೆ.